ಲಿಂಗೈಕ್ಯ ಬೇರೆ, ಮಣ್ಣು ಬೇರೆ

ಹೋದ ವಾರ ಬಾಗಲಕೋಟೆಯ ಪರಿಚಿತರೊಬ್ಬರ ಮನೆಯಿಂದ ಮೊಬೈಲಿಗೆ ಸಾವಿನ ಸುದ್ದಿ ಬಂತು. ಹಿರಿಯರ ಫೋಟೋ, ಅದರ ಕೆಳಗೆ "ನಾಳೆ 11 ಗಂಟೆಗೆ ಲಿಂಗೈಕ್ಯ ನೆರವೇರಲಿದೆ" ಎಂಬ ಸಾಲು. ಇಂಥ ಸಾಲು ಈಚೆಗೆ ಜಾಸ್ತಿಯಾಗಿದೆ. ಲಿಂಗೈಕ್ಯ ಅಂದರೆ ಹೂಳುವುದಲ್ಲ. ಅದಕ್ಕೆ ಗಂಟೆ ಗೊತ್ತುಮಾಡಲು ಬರುವುದಿಲ್ಲ.

ಪದ ಬಿಡಿಸಿ ನೋಡಿ: ಲಿಂಗ, ಐಕ್ಯ. ಧೀರದಿಂದ ಧೈರ್ಯ ಬಂದ ಹಾಗೆ ಏಕದಿಂದ ಐಕ್ಯ. ಒಂದಾಗಿರುವುದು ಎಂದರ್ಥ. (ಅದಕ್ಕೆ ಮತ್ತೊಂದು 'ತೆ' ಅಂಟಿಸಿ 'ಐಕ್ಯತೆ' ಅನ್ನುವುದು ಸುಮ್ನೆ ಭಾರ.) ಲಿಂಗಾಯತರ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಆದಮೇಲೆ ಆರನೆಯದೇ ಐಕ್ಯ. ಅದು ಸಾಧನೆಯ ಮೆಟ್ಟಿಲು, ಬದುಕಿದ್ದಾಗಲೇ ಏರಬೇಕಾದದ್ದು. 'ಸತ್ತರು' ಅನ್ನಲು ಬಾಯಿ ಬಾರದೆ ನಾವು ಅದನ್ನು ಸಾವಿಗೂ ಬಳಸಿದೆವು. ಅದು ತಪ್ಪಲ್ಲ, ಗೌರವದಿಂದ ಬಂದ ಮಾತು. ಕೂಡಲಸಂಗಮದಲ್ಲಿ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಸ್ಥಳಕ್ಕೆ ಕೈಮುಗಿಯುವಾಗಲೂ ಮನಸ್ಸಿನಲ್ಲಿರುವುದು ಆ ಒಂದಾಗುವಿಕೆಯೇ, ಅಲ್ವಾ?

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ದೇಹವನ್ನು ಭೂಮಿಯಲ್ಲಿ ಇಡಬೇಡಿ, ಅಗ್ನಿಗೆ ಅರ್ಪಿಸಿ, ಸ್ಮಾರಕ ಕಟ್ಟಬೇಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಹಾಗೇ ನಡೆಯಿತು. ಲಿಂಗೈಕ್ಯ ಅಂದರೆ ಹೂಳುವುದೇ ಆಗಿದ್ದರೆ ಅವರಿಗೆ ಆ ಪದ ಹೇಗೆ ಹೊಂದುತ್ತಿತ್ತು?

ದಿವಂಗತ, ಕೈಲಾಸವಾಸಿ, ಶಿವಾಧೀನ, ಮುಸ್ಲಿಂ ಮನೆಗಳ ಸುದ್ದಿಯಲ್ಲಿ ಪೈಗಂಬರವಾಸಿ: ಇವೆಲ್ಲ ಹೋದವರು ಎಲ್ಲಿ ಸೇರಿದರು ಅನ್ನುವ ಮಾತುಗಳು. ಉಳಿದವರು ಮಾಡುವ ಕೆಲಸಕ್ಕೆ ನಮ್ಮ ಕಡೆ ಬೇರೆಯೇ ಪದ ಇದೆ, ಮಣ್ಣು. ಯಾರೋ ತೀರಿಕೊಂಡರು ಅಂದ ಕೂಡಲೇ ಕೇಳುವುದು "ಮಣ್ಣು ಎಷ್ಟೊತ್ತಿಗೈತ್ರಿ?" ಎಂದು. ಚಿಕ್ಕವನಿದ್ದಾಗ ಅಪ್ಪ ಹೊರಗೇ ನಿಂತು "ಮಣ್ಣಿಗೆ ಹೋಗಿದ್ದೆ" ಅಂದರೆ ಸಾಕಿತ್ತು. ಅವ್ವ ಮರುಮಾತಿಲ್ಲದೆ ಬಚ್ಚಲಿಗೆ ನೀರು ತೋಡಿಡುತ್ತಿದ್ದಳು. ಅಪ್ಪ ಸ್ನಾನ ಮಾಡಿ ಬರುವವರೆಗೆ ನಾವು ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ. ಹಿಡಿ ಮಣ್ಣು ಹಾಕಿ ಬಂದದ್ದು, ಹೆಗಲು ಕೊಟ್ಟದ್ದು, ದುಃಖದ ಮನೆಯವರ ಜೊತೆ ಕೂತದ್ದು, ಎಲ್ಲ ಆ ಒಂದೇ ಪದದಲ್ಲಿ ಇರುತ್ತಿತ್ತು. ಅದನ್ನು ಒರಟು ಅಂದುಕೊಂಡು ಸುದ್ದಿಯಿಂದ ತೆಗೆಯುತ್ತಿದ್ದಾರೆ. ಅದು ಒರಟಲ್ಲ.

ಬರೆಯಲು ಅಷ್ಟೂ ಸಂಕೋಚವಾದರೆ 'ಅಂತ್ಯಕ್ರಿಯೆ' ಇದೆ. ನಾನಾದರೆ ಹೀಗೆ ಬರೆಯುತ್ತೇನೆ: "ನಮ್ಮ ತಂದೆಯವರು ಇಂದು ಬೆಳಿಗ್ಗೆ ಲಿಂಗೈಕ್ಯರಾದರು. ಮಣ್ಣು ನಾಳೆ 11 ಗಂಟೆಗೆ, ಊರ ಹೊಲದಲ್ಲಿ."