ಕ್ರಯಪತ್ರದ ಬಾಲದಲ್ಲಿ ಸಿಗುವ ಹೆಂಡತಿಯ ಹೆಸರು

ಇಂಗ್ಲೆಂಡ್, ಅಮೆರಿಕಗಳ ಹಳೆಯ ಕ್ರಯಪತ್ರಗಳಲ್ಲಿ ಹೆಂಡತಿ ಬಿಟ್ಟುಕೊಡುವ ‘ಡವರ್’ ಹಕ್ಕು ವರದಕ್ಷಿಣೆಯಲ್ಲ. ನಮ್ಮ ಕೋರ್ಟುಗಳು ಡವರ್ ಎಂದು ಬರೆಯುವ ಮೆಹರ್ ಕೂಡ ಅಲ್ಲ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಡವರ್ ಅಂದರೆ ವಿಧವೆಯ ಪಾಲು: ಗಂಡನ ಜಮೀನಿನಲ್ಲಿ ಮೂರನೇ ಒಂದು ಭಾಗ, ಅದೂ ಆಕೆ ಬದುಕಿರುವ ತನಕ. ಆಮೇಲೆ ಅದು ಗಂಡನ ವಾರಸುದಾರರಿಗೆ. ಈ ಮೂರನೇ ಒಂದನ್ನು 1217ರಲ್ಲಿ ಮತ್ತೆ ಹೊರಡಿಸಿದ ಮ್ಯಾಗ್ನಾ ಕಾರ್ಟಾ ಎಂಬ ರಾಜಸನ್ನದು ಗಟ್ಟಿ ಮಾಡಿತು.

ಮದುವೆಯಾದ ಮೇಲೆ ಗಂಡನಿಗೆ ಎಂದಾದರೂ ಸೇರಿದ್ದ ಜಮೀನಿಗೆಲ್ಲ ಈ ಹಕ್ಕು ಅಂಟಿಕೊಂಡಿರುತ್ತಿತ್ತು. ಅವನು ಮಾರಿ ಇಪ್ಪತ್ತು ವರ್ಷ ಕಳೆದರೂ ವಿಧವೆ ಕೊಂಡವನ ಬಾಗಿಲಿಗೆ ಬರಬಹುದಿತ್ತು. ಹಾಗಾಗಿ ಕೊಳ್ಳುವವರು ಹೆಂಡತಿಯ ಒಪ್ಪಿಗೆ ಇಲ್ಲದೆ ಹಣ ಬಿಚ್ಚುತ್ತಿರಲಿಲ್ಲ. ಅಮೆರಿಕದ ಅನೇಕ ವಸಾಹತುಗಳಲ್ಲಿ ನ್ಯಾಯಾಧಿಕಾರಿ ಗಂಡನನ್ನು ದೂರವಿಟ್ಟು ಆಕೆಯನ್ನು ಪ್ರತ್ಯೇಕವಾಗಿ ವಿಚಾರಿಸುತ್ತಿದ್ದ: ಸ್ವಇಚ್ಛೆಯೋ, ಒತ್ತಾಯವೋ? ವರ್ಜೀನಿಯಾದಲ್ಲಿ ಆಕೆ ಕೋರ್ಟಿಗೆ ಬರಲಾಗದಿದ್ದರೆ ನ್ಯಾಯಾಧಿಕಾರಿಗಳೇ ಮನೆಗೆ ಹೋಗಬೇಕಿತ್ತು.

ವಂಶಾವಳಿ ಹುಡುಕುವವರು ಎಡವುವುದು ಇಲ್ಲೇ. ಕ್ರಯಪತ್ರಗಳ ಸೂಚಿಯಲ್ಲಿ ಎಷ್ಟೋ ಸಲ ಗಂಡನ ಹೆಸರಷ್ಟೇ ಇರುತ್ತದೆ; ಹೆಂಡತಿಯದು ಪತ್ರದ ಕೊನೆಯ ಸಾಲುಗಳಲ್ಲಿ, ಇಲ್ಲವೇ ತಿಂಗಳುಗಳ ನಂತರ ಬೇರೆ ಪುಟದಲ್ಲಿ ನಕಲಾದ ಆ ವಿಚಾರಣೆಯ ವರದಿಯಲ್ಲಿ. ಸಾರಾಂಶ ನೋಡಿ ಸುಮ್ಮನಾಗಬೇಡಿ, ಪೂರ್ತಿ ಪತ್ರ ಓದಿ. ಹೆಂಡತಿಯ ಹೆಸರಿಲ್ಲದಿದ್ದರೆ ಅವನು ಅವಿವಾಹಿತನೆಂದು ತೀರ್ಮಾನಿಸುವುದೂ ತಪ್ಪು. ಸ್ಪೇನಿನ ಪದ್ಧತಿ ಉಳಿದ ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ದಂಪತಿಯ ಆಸ್ತಿಯ ಲೆಕ್ಕವೇ ಬೇರೆ.

ಆಕೆ ಬಿಟ್ಟುಕೊಟ್ಟದ್ದು ಏನನ್ನು ಎಂಬುದನ್ನೂ ಗಮನಿಸಿ. ‘ಡವರ್’ ಎಂದಷ್ಟೇ ಇದ್ದರೆ ಜಮೀನು ಗಂಡನದು. ‘ಪಿತ್ರಾರ್ಜಿತ ಹಕ್ಕು’ ಎಂಬರ್ಥದ ಮಾತಿದ್ದರೆ ಅದು ಆಕೆಯ ತವರಿನಿಂದ ಬಂದಿರಬಹುದು. ಹುಡುಕಾಟವನ್ನು ಆಕೆಯ ತಂದೆಯ ಕಡೆ ತಿರುಗಿಸಿ. ಒಂದು ಪತ್ರದಲ್ಲಿ ಮೇರಿ, ಏಳು ವರ್ಷದ ನಂತರದ್ದರಲ್ಲಿ ಎಲಿಜಬೆತ್ ಇದ್ದರೆ ಬಹುಶಃ ನಡುವೆ ಎರಡನೇ ಮದುವೆಯಾಗಿದೆ. ಮಕ್ಕಳು ಯಾರವರೆಂಬುದು ಮಾತ್ರ ಇದರಿಂದ ತಿಳಿಯದು.

ಗಂಡ ತೀರಿದ ಮೇಲೆ ಪಾಲನ್ನು ಅಳೆದು ಕೊಡುತ್ತಿದ್ದ ದಾಖಲೆಗಳು ಇನ್ನೂ ಸೊಗಸು. ಅಳತೆ 66 ಅಡಿಯ ಸರಪಳಿಯಲ್ಲಿ, ಇಲ್ಲವೇ 16.5 ಅಡಿಯ ಪೋಲ್‌ನಲ್ಲಿ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಕೆಲವು ವರದಿಗಳಲ್ಲಿ ವಿಧವೆಗೆ ಯಾವ ಕೋಣೆ, ನೆಲಮಾಳಿಗೆಯಲ್ಲಿ ಎಷ್ಟು ಜಾಗ, ಬಾವಿಗೆ ಯಾವ ದಾರಿ ಎಂಬುದೂ ಇದೆ. ಆಕೆ ತೀರಿಕೊಂಡಾಗ ವಾರಸುದಾರರು ಆ ತುಂಡನ್ನು ಮಾರುವ ಪತ್ರದಲ್ಲಿ ಮಕ್ಕಳು, ಅಳಿಯಂದಿರು ಸಾಲಾಗಿ ಸಿಗಬಹುದು.

ಇಂಗ್ಲೆಂಡಿನಲ್ಲಿ 1833ರ ಕಾಯ್ದೆ ಈ ಹಕ್ಕಿನ ಹಲ್ಲು ಕಿತ್ತಿತು: 1834ರ ಜನವರಿ 1ರ ನಂತರ ಮದುವೆಯಾದ ಗಂಡ ಮಾರಿಯೋ ಉಯಿಲು ಬರೆದೋ ಡವರ್ ತಪ್ಪಿಸಬಹುದಾಯಿತು. 1925ರ ಕಾಯ್ದೆ ಅದನ್ನು ರದ್ದೇ ಮಾಡಿತು. ಅಮೆರಿಕದ ಒಹಾಯೋದಂಥ ಕೆಲವೇ ರಾಜ್ಯಗಳಲ್ಲಿ ಡವರ್ ಗಂಡ-ಹೆಂಡತಿ ಇಬ್ಬರಿಗೂ ಅನ್ವಯವಾಗಿ ಉಳಿದುಕೊಂಡಿದೆ.