ಸ್ಮಾರ್ಟ್‌ವಾಚ್‌ನ ಬೆಳಕು ಮತ್ತು ನಮ್ಮ ಮೈಬಣ್ಣ

ಸ್ಮಾರ್ಟ್‌ವಾಚ್ ಬಿಚ್ಚಿ ತಿರುಗಿಸಿದರೆ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುತ್ತಿರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ತುಸು ಜಾಸ್ತಿಯಾಗಿ ಈ ಬೆಳಕನ್ನು ಹೀರುತ್ತದೆ. ವಾಪಸ್ ಬರುವ ಬೆಳಕಿನ ಏರಿಳಿತದಿಂದ ನಾಡಿ ತಿಳಿಯುತ್ತದೆ. 2021ರಲ್ಲಿ ಆಪಲ್ ಇದೇ ಸೆನ್ಸರನ್ನು ಇನ್ನೊಂದು ಕೆಲಸಕ್ಕೂ ಹಚ್ಚಿತು. ಮುಷ್ಟಿ ಬಿಗಿದರೆ, ಬೆರಳು ಕೂಡಿಸಿದರೆ ವಾಚ್ ಗುರುತಿಸುತ್ತದೆ. ಒಂದೇ ಕೈ ಇರುವವರೂ ಪರದೆ ಮುಟ್ಟದೆ ಫೋನ್ ಕರೆ ಸ್ವೀಕರಿಸಬಹುದು. ಎಷ್ಟು ಒಳ್ಳೆಯ ಯೋಚನೆ, ಅಲ್ವಾ?

ಹಲವು ವಾಚ್‌ಗಳು ಬೆಳಕಿನಿಂದ ರಕ್ತದಲ್ಲಿನ ಆಮ್ಲಜನಕವನ್ನೂ ಅಳೆಯುತ್ತವೆ. ಆ ಅಳತೆಯ ಕತೆ ಇನ್ನೂ ಹಳೆಯದು. ಟೋಕಿಯೊದ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೋಯಗಿ, ಹೃದಯ ಎಷ್ಟು ರಕ್ತ ಹೊರಹಾಕುತ್ತದೆ ಎಂದು ಅಳೆಯಲು ಹೊರಟಿದ್ದರು. ನಾಡಿಮಿಡಿತ ಅವರ ಲೆಕ್ಕ ಕೆಡಿಸುತ್ತಿತ್ತು. ಅದನ್ನು ತೆಗೆದುಹಾಕಲು ಹೋದಾಗ, ಆ ಮಿಡಿತದಿಂದಲೇ ಆಮ್ಲಜನಕ ಅಳೆಯಬಹುದು ಎಂದು ಹೊಳೆಯಿತು. 1974ರಲ್ಲಿ ಅದನ್ನು ಮಂಡಿಸಿದರು. ಪಲ್ಸ್ ಆಕ್ಸಿಮೀಟರ್ ಹುಟ್ಟಿದ್ದು ಹೀಗೆ.

ತೊಡಕಿರುವುದು ಮೆಲನಿನ್‌ನಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಈ ವಸ್ತುವೂ ಬೆಳಕು ಹೀರುತ್ತದೆ. ಕಪ್ಪು ಚರ್ಮದವರಲ್ಲಿ ಅಳತೆ ಹೆಚ್ಚು ತಪ್ಪುತ್ತದೆ ಎಂದು 1990ರಲ್ಲೇ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ಆದರೂ ಅಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ 2013ರ ಮಾರ್ಗಸೂಚಿ ಪ್ರಕಾರ, ಆಕ್ಸಿಮೀಟರನ್ನು 10 ಜನರ ಮೇಲೆ ಪರೀಕ್ಷೆ ಮಾಡಿದರೆ ಅವರಲ್ಲಿ ಕಪ್ಪು ಚರ್ಮದವರು ಇಬ್ಬರಿದ್ದರೆ ಸಾಕಿತ್ತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಅಂಕಿ ಮುಂದಿಟ್ಟರು. ಆಕ್ಸಿಮೀಟರ್ 92ರಿಂದ 96 ತೋರಿಸಿದಾಗ ಕಪ್ಪು ಜನಾಂಗದ ರೋಗಿಗಳ ರಕ್ತಪರೀಕ್ಷೆಗಳಲ್ಲಿ 11.7% ಸಲ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಅದು 3.6%. ಅದೇ ಕೋವಿಡ್ ಕಾಲದಲ್ಲಿ ನಮ್ಮೂರುಗಳಲ್ಲಿ ಆಶಾ ಕಾರ್ಯಕರ್ತೆಯರು ಆಕ್ಸಿಮೀಟರ್ ಹಿಡಿದು ಮನೆಮನೆ ಸುತ್ತುತ್ತಿದ್ದರು. 94ಕ್ಕಿಂತ ಇಳಿದರೆ ಆಸ್ಪತ್ರೆ, ಇಲ್ಲದಿದ್ದರೆ ಮನೆ. ಅಂಥ ಹೊತ್ತಿನಲ್ಲಿ ಎರಡು ಮೂರು ಅಂಕಿಯ ತಪ್ಪು ಸಣ್ಣದಲ್ಲ.

2025ರ ಜನವರಿಯಲ್ಲಿ ಎಫ್‌ಡಿಎ ಹೊಸ ಕರಡು ಹೊರಡಿಸಿತು. ಬೇರೆ ಬೇರೆ ಮೈಬಣ್ಣದ 150 ಅಥವಾ ಅದಕ್ಕಿಂತ ಹೆಚ್ಚು ಜನರ ಮೇಲೆ ಪರೀಕ್ಷೆ ನಡೆಸಿ ಎನ್ನುತ್ತದೆ ಅದು. ಆದರೆ ಇದು ಚಿಕಿತ್ಸೆಗೆ ಬಳಸುವ ಆಕ್ಸಿಮೀಟರ್‌ಗಳಿಗೆ ಮಾತ್ರ. ಸುಮ್ನೆ ಫಿಟ್‌ನೆಸ್‌ಗೆಂದು ಮಾರುವ ವಾಚ್‌ಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಉಸಿರಾಡಲು ಕಷ್ಟವಾಗುತ್ತಿದ್ದರೆ, ವಾಚ್ 97 ತೋರಿಸಿದರೂ ಡಾಕ್ಟರ ಬಳಿ ಹೋಗಿ.