ಬಾಯ್ಲರ್ ಒಳಗೆ ಕೂತಿದ್ದವರ ಕಿವಿ

ಹತ್ತೊಂಬತ್ತನೇ ಶತಮಾನದಲ್ಲಿ ಹಬೆಯ ಬಾಯ್ಲರ್ ಕಟ್ಟುವಾಗ ಒಬ್ಬ ಕೆಲಸಗಾರ ಅದರ ಹೊಟ್ಟೆಯೊಳಗೇ ಕೂರಬೇಕಿತ್ತು. ಹೊರಗಿನವರು ಸುತ್ತಿಗೆಯಿಂದ ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ಬಡಿಯುವಾಗ ಅದು ಕದಲದಂತೆ ಒಳಗಿನಿಂದ ಒತ್ತಿ ಹಿಡಿಯುವುದು ಅವನ ಪಾಲಿನ ಕೆಲಸ. ದೊಡ್ಡ ಗಂಟೆಯೊಳಗೆ ತಲೆಯಿಟ್ಟು ಕೂತಾಗ ಹೊರಗಿನಿಂದ ಯಾರೋ ಬಾರಿಸಿದ ಹಾಗೆ, ದಿನವಿಡೀ.

ಗ್ಲಾಸ್ಗೋದ ಕಿವಿ ವೈದ್ಯ ಥಾಮಸ್ ಬಾರ್ 1886ರಲ್ಲಿ ಇಂಥ 100 ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದರು. ಹೋಲಿಕೆಗೆ ಅಂಚೆ ಹಂಚುವವರನ್ನೂ ಕರೆಸಿದ್ದರು. ಗಡಿಯಾರದ ಟಿಕ್‌ಟಿಕ್ ಎಷ್ಟು ದೂರದಿಂದ ಕೇಳಿಸುತ್ತದೆ ಎಂಬುದೇ ಅವರ ಅಳತೆಗೋಲು. ಬಾಯ್ಲರ್‌ನವರ ಪೈಕಿ ಒಬ್ಬನ ಕಿವಿಯೂ ನೆಟ್ಟಗಿರಲಿಲ್ಲ.

ಆಗಲೂ ಇದು ಹೊಸ ಸಂಗತಿಯಾಗಿರಲಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ 1713ರಷ್ಟು ಹಿಂದೆಯೇ, ವೆನಿಸ್‌ನಲ್ಲಿ ಹಗಲೆಲ್ಲ ತಾಮ್ರ ಬಡಿಯುವವರ ಕಿವಿ ಮೊದಲು ಮಂದವಾಗಿ ಮುಪ್ಪಿನಲ್ಲಿ ಪೂರ್ತಿ ಕಿವುಡಾಗುತ್ತದೆ ಎಂದು ಬರೆದಿದ್ದರು. ತಿಳಿದೂ ಎರಡು ಶತಮಾನ ಕೈಕಟ್ಟಿ ಕೂತದ್ದೇಕೆ? ರೋಗಕ್ಕೆ ‘ಬಾಯ್ಲರ್‌ನವರ ಕಿವುಡು’ ಎಂದು ಕಸುಬಿನ ಹೆಸರನ್ನೇ ಇಟ್ಟದ್ದರಲ್ಲಿ ಉತ್ತರದ ಒಂದು ಭಾಗವಿದೆ ಎಂದು ನನಗನ್ನಿಸುತ್ತದೆ. ಕಿವಿ ಹೋಗುವುದು ಆ ಕೆಲಸದ ಜೊತೆಗೇ ಬರುವಂಥದ್ದು ಎಂದು ಎಲ್ಲರೂ, ಕೆಲಸಗಾರರೂ ಕೂಡ, ಒಪ್ಪಿಬಿಟ್ಟಿದ್ದರು.

ಇನ್ನೊಂದು ಭಾಗ ಕಿವಿಯೊಳಗೇ ಇದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾದಲ್ಲಿ, ಸದ್ದನ್ನು ನರಕ್ಕೆ ಮುಟ್ಟಿಸುವ ಸುಮಾರು 16,000 ರೋಮಕೋಶಗಳಿರುತ್ತವೆ. ಗದ್ದಲಕ್ಕೆ ಇವು ಬಳಲುತ್ತವೆ. ಪಾಳಿ ಮುಗಿದ ಮೇಲೆ ಕಿವಿ ಗುಂಯ್‌ಗುಡುವುದು ಅದಕ್ಕೇ. ರಾತ್ರಿ ಕಳೆದರೆ ಸರಿಹೋದಂತೆ ಕಾಣುತ್ತದೆ. ಆದರೆ ವರ್ಷಗಟ್ಟಲೆ ಹೀಗೆ ಪೆಟ್ಟು ತಿಂದು ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ರಕ್ತವಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್‌ ಆಸುಪಾಸಿನ ತೀಕ್ಷ್ಣ ಸ್ವರಗಳು. ಮುಂದೆ ಸ, ಶಗಳಂಥ ವ್ಯಂಜನಗಳು ಮಸುಕಾಗುತ್ತವೆ: ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ‘ಗಮನ ಕೊಡೋದಿಲ್ಲ’ ಎಂದು ಮುನಿಸಿಕೊಳ್ಳುವ ಕಾಲಕ್ಕೆ ಹಾನಿ ಬಹಳ ಹಳೆಯದಾಗಿರುತ್ತದೆ.

ಕಾನೂನಿಗೂ ಈ ನಷ್ಟ ಬೇಗ ಕಾಣಲಿಲ್ಲ. ಕಿವುಡಾದವನೂ ಸುತ್ತಿಗೆ ಬೀಸಬಲ್ಲ, ಸಂಬಳಕ್ಕೆ ಕುತ್ತಿಲ್ಲ, ಮತ್ತೆ ಪರಿಹಾರ ಏತಕ್ಕೆ ಎಂಬ ವಾದ ಗಟ್ಟಿಯಾಗಿತ್ತು. ಕೂಲಿ ಕಳೆದುಕೊಳ್ಳದಿದ್ದರೂ ಕಿವಿ ಕಳೆದುಕೊಂಡದ್ದಕ್ಕೇ ಪರಿಹಾರ ಸಲ್ಲಬೇಕೆಂದು ನ್ಯೂಯಾರ್ಕ್ ರಾಜ್ಯದ ಉನ್ನತ ನ್ಯಾಯಾಲಯ ಹೇಳಿದ್ದು 1948ರಲ್ಲಿ. ಹಣ ಕೊಡಬೇಕಾಗಿ ಬಂದಾಗ ಸದ್ದನ್ನು ಅಳೆಯಲೂ ತೊಡಗಿದರು.

ಅಮೆರಿಕ 1969ರಲ್ಲಿ ಸರ್ಕಾರಿ ಗುತ್ತಿಗೆಯ ಕಾರ್ಖಾನೆಗಳಿಗೆ 8 ಗಂಟೆಗೆ 90 ಡೆಸಿಬಲ್ (ಸದ್ದಿನ ಅಳತೆಯ ಮಾನ) ಮಿತಿ ಹಾಕಿತು. 85 ಮುಟ್ಟಿದರೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಬೇಕೆಂಬ ನಿಯಮ 1983ರದು. ಯುರೋಪ್ 2003ರಲ್ಲಿ ಇನ್ನೂ ಬಿಗಿಮಾಡಿ, 80ರಿಂದಲೇ ಮಾಲೀಕರ ಹೊಣೆ ಶುರುವಾಗುವಂತೆ ಮಾಡಿತು. ಅಂಕಿಗಳ ಅಂತರ ಸಣ್ಣದೆನಿಸಬಹುದು, ಆದರೆ 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಈ ಲೆಕ್ಕ ಹಿಡಿದು ಅಮೆರಿಕದ್ದೇ ಸಂಶೋಧನಾ ಸಂಸ್ಥೆ ನಯೋಶ್ 1998ರಲ್ಲಿ ಕೊಟ್ಟ ಶಿಫಾರಸಿನಂತೆ 100 ಡೆಸಿಬಲ್‌ನಲ್ಲಿ ಇರಬಹುದಾದದ್ದು ದಿನಕ್ಕೆ 15 ನಿಮಿಷ. ಅಲ್ಲಿನ ಕಾನೂನು ಇಂದಿಗೂ 2 ಗಂಟೆ ಬಿಡುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ. ಮಿತಿ ಬಂದಂತೆಲ್ಲ ತಡೆಯುವ ಭಾರ ಯಂತ್ರವನ್ನು ಬಿಟ್ಟು ಕೆಲಸಗಾರನ ಕಿವಿಗೆ ಬಂತು. ಒಂದು ಇಯರ್‌ಪ್ಲಗ್ 30 ಡೆಸಿಬಲ್ ತಡೆಯುತ್ತದೆ ಅನ್ನಿ. 8 ಗಂಟೆಯ ಪಾಳಿಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೂ ಅದರ ಒಟ್ಟು ರಕ್ಷಣೆ ಸುಮಾರು 12ಕ್ಕೆ ಇಳಿಯುತ್ತದೆ. ಮೇಸ್ತ್ರಿ ಕೂಗಿದ್ದು ಕೇಳಿಸಬೇಕೆಂದರೆ ತೆಗೆಯದೆ ವಿಧಿಯೂ ಇರುವುದಿಲ್ಲ.

ರಿವೆಟ್ ಬಡಿತದಿಂದ ಹಡಗು, ಬಾಯ್ಲರ್ ಕೆಲಸದವರನ್ನು ದೊಡ್ಡ ಮಟ್ಟದಲ್ಲಿ ಪಾರುಮಾಡಿದ್ದು ಅದರ ಜಾಗಕ್ಕೆ ಬಂದ ವೆಲ್ಡಿಂಗ್. ಕಿವಿಗಾಗಿ ತಂದದ್ದಲ್ಲ ಅದು, ಆದರೂ ಸದ್ದನ್ನು ಹುಟ್ಟುವಲ್ಲೇ ಇಳಿಸಿತು. ಅದೇ ದಾರಿಯಲ್ಲಿ ಇಂದು ಮಾಡಬಹುದಾದದ್ದು ಬೇಕಾದಷ್ಟಿದೆ: ಸವೆದ ಬೇರಿಂಗ್ ಬದಲಿಸುವುದು, ಅದುರುವ ತಗಡನ್ನು ಬಿಗಿಯುವುದು, ಯಂತ್ರದ ಅಡಿಗೆ ರಬ್ಬರ್ ಕೊಡುವುದು, ಕಂಪ್ರೆಸರನ್ನು ಗೋಡೆಯಾಚೆ ಇಡುವುದು, ಹೊಸ ಯಂತ್ರ ಕೊಳ್ಳುವಾಗ ಬೆಲೆಯ ಜೊತೆ ಡೆಸಿಬಲ್ ಎಷ್ಟೆಂದು ಬರೆಸಿಕೊಳ್ಳುವುದು.